ವಾಡೇದ ಆಯಿಯ ಬಾಗಿಲು

ಹೋದ ತಿಂಗಳು ಅಥಣಿ ರಸ್ತೆಯ ಒಂದು ದ್ರಾಕ್ಷಿ ತೋಟದಲ್ಲಿ ಬಡಿಗರು ಹಳೇ ಸಾಗವಾನಿ ಚೌಕಟ್ಟಿಗೆ ಅಗಸೆ ಎಣ್ಣೆ ಹಚ್ಚುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಅಳತೆ ಟೇಪು ಬದಿಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಅದು ನಮ್ಮೂರ ದೊಡ್ಡಮನೆಯ, ಅಂದರೆ ವಾಡೆಯ, ಮುಂಬಾಗಿಲ ಚೌಕಟ್ಟು. ವಾಡೆ ಕೆಡವಿದ ಮೇಲೆ ಆ ಮನೆಯ ಮೊಮ್ಮಗ ಅದನ್ನು ತೋಟಕ್ಕೆ ತಂದಿಟ್ಟಿದ್ದರು. ಅಲ್ಲೊಂದು ರೆಸಾರ್ಟ್ ಏಳುತ್ತಿತ್ತು. ಅದರ ಪ್ರವೇಶ ನಮ್ಮ ಕಡೆಯ ಹಳೇ ಮನೆಗಳಂತಿರಬೇಕು, ಬಂದವರಿಗೆ 'ಬರ್ರಿ' ಅಂದ ಹಾಗಿರಬೇಕು ಎಂದು ಹೇಳಿ ನಕ್ಷೆಯ ಕೆಲಸ ನನಗೆ ಒಪ್ಪಿಸಿದ್ದರು.

ಆ ಬಾಗಿಲು ಯಾರಿಗೆ ಏನನ್ನುತ್ತಿತ್ತು ಎಂದು ನನ್ನನ್ನು ಕೇಳಬೇಕು...

ರಾಯಬಾಗದ ಕಡೆಯ ನಮ್ಮ ಸಣ್ಣ ಊರಿನಲ್ಲಿ ವಾಡೇದ ಆಯಿ ಮೊಮ್ಮಕ್ಕಳಿಗಷ್ಟೇ ಅಲ್ಲ, ಊರಿಗೇ ಆಯಿ. ಅವ್ವ ಅವರ ಕಬ್ಬಿನ ಹೊಲದಲ್ಲಿ ದುಡಿಯುತ್ತಿದ್ದಳು. ನಮ್ಮದು ದಲಿತ ಕೇರಿಯ ಬೌದ್ಧರ ಮನೆ. ಅವ್ವನ ನಡಿಗೆ ಹೊರಗಿನ ಕಟ್ಟೆಗೇ ಮುಗಿಯುತ್ತಿತ್ತು. ಪಗಾರ ಅಲ್ಲೇ ನಿಂತು ಇಸಿದುಕೊಳ್ಳುತ್ತಿದ್ದಳು. ನನ್ನನ್ನು ಮಾತ್ರ ಆಯಿ ಒಳಗೆ ಕರೆದರು. ಅವರಿಗೆ ಕೌದಿ ಹೊಲಿಯುವ ಹುಚ್ಚು, ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡಲು ನಾನು ಬೇಕಿತ್ತು.

ಚೌಕಟ್ಟು ಬಲು ಗಿಡ್ಡ. ಕೊಲ್ಹಾಪುರದಿಂದ ಬರುವ ರುಮಾಲಿನ ಬೀಗರೂ ಅದಕ್ಕೆ ತಲೆ ಬಡಿಸಿಕೊಂಡವರೇ. ಅದಕ್ಕೆ ಆಯಿ ಯಾರು ಬಂದರೂ ಒಳಗಿನಿಂದ ಕೈ ಚಾಚಿ, ಮೇಲಿನ ಪಟ್ಟಿಯ ಕೆಳಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಬಡಿದರೆ ಕಟ್ಟಿಗೆ ಬಡಿಯಬಾರದು, ತಮ್ಮ ಕೈ ಬಡಿಯಬೇಕು.

"ಬಾ ಬೇ, ತಲಿ ಜ್ವಾಕಿ."

ನಾನಾಗ ಅಷ್ಟೇನೂ ಎತ್ತರವಿರಲಿಲ್ಲ. ಮೊದಲ ದಿನ ಬೇಕಂತಲೇ ಹೊಸ್ತಿಲ ಮೇಲೆ ಕಾಲಿಟ್ಟು, ತುದಿಗಾಲಲ್ಲಿ ನಿಂತು ಆ ಅಂಗೈಗೆ ತಲೆ ತಾಗಿಸಿದ್ದೆ. ಆಯಿ ಕೈ ತೊಳೆಯುತ್ತಾರೋ ಎಂದು ಓರೆಗಣ್ಣಿನಿಂದ ನೋಡಿದೆ. ತೊಳೆಯಲಿಲ್ಲ. ಅದೇ ಕೈಯಿಂದ ಕೌದಿಯ ಚಿಂದಿ ಹರವಿಕೊಂಡು ಕುಳಿತರು. ಆ ದಿನದ ನನ್ನ ಖುಷಿ ಈಗಲೂ ನೆನಪಿದೆ.

ಆಮೇಲೆ ಚಹಾ ಬಂತು. ಬಾಗಿಲ ಪಕ್ಕದ ಗೋಡೆಯಲ್ಲಿ ದೀಪದ ಗೂಡಿನಂಥದ್ದೊಂದು ಇತ್ತು. ಅದರಲ್ಲಿ ಹಿಡಿ ಮುರಿದ ಒಂದು ಕಪ್ಪು. ನನ್ನ ಚಹಾ ಅದರಲ್ಲಿ. ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ಯಾರೂ ಹಾಗೆಂದು ಹೇಳಿರಲಿಲ್ಲ, ನನಗೂ ಯಾರೂ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಅವ್ವನನ್ನು ಕೇಳಿದೆ. ತಲೆ ಮುಟ್ಟುವ ಆಯಿಗೆ ಕಪ್ಪೇಕೆ ಬೇರೆ ಬೇಕು? ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು:

"ಕೈ ಆಕೀದು. ಕಪ್ ಮನೀದು."

ನಾನು ಓದಿ, ನೌಕರಿ ಹಿಡಿದು, ಒಮ್ಮೆ ಆಯಿಯನ್ನು ನೋಡಲು ಹೋದೆ. ಹಾಸಿಗೆಯಿಂದೆದ್ದು ಬಾಗಿಲಿಗೇ ಬಂದರು. ಕೈ ಎತ್ತಿದರು, ಪಟ್ಟಿಯವರೆಗೆ ಏರಲಿಲ್ಲ... ನಾನೇ ಇನ್ನಷ್ಟು ಬಾಗಿದೆ. ಸೊಸೆ ಬಸಿಯ ಮೇಲೆ ಹೊಸ ಕಪ್ಪಿಟ್ಟು ಚಹಾ ತಂದರು. ನನ್ನ ಕಣ್ಣು ಗೂಡಿನ ಕಡೆ ಹೋಯಿತು. ಹಳೇ ಕಪ್ಪು ಧೂಳು ಹಿಡಿದು ಅಲ್ಲೇ ಇತ್ತು. ಆಯಿ ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಅದನ್ನ ಎಂದೋ ತಗೀಬೇಕಾಗಿತ್ತ ಬೇ. ಮನ್ಯಾಗಿನವರಿಗೆ ಅಂಜಿದೆ."

ಇರಲಿ ಬಿಡ್ರಿ ಎಂದೆ. ಆದರೆ ಇರಲಿ ಎಂದು ನನಗೆ ಅನ್ನಿಸಿರಲಿಲ್ಲ. ಸಿಟ್ಟೂ ಇತ್ತು, ಅವರ ಮಡಿಲಲ್ಲಿ ತಲೆಯಿಟ್ಟು ಅಳಬೇಕೆಂಬ ಆಸೆಯೂ ಇತ್ತು. ಎರಡನ್ನೂ ಮಾಡದೆ ಎದ್ದು ಬಂದೆ. ಮುಂದಿನ ಸಲ ಊರಿಗೆ ಹೋದಾಗ ಆಯಿ ಇರಲಿಲ್ಲ.

ಈಗ ಆಯಿಯ ಮೊಮ್ಮಗನ ಬೇಡಿಕೆ ಎರಡೇ: ಚೌಕಟ್ಟನ್ನು ಎತ್ತರಕ್ಕೆ ಏರಿಸಬೇಕು, ಪಕ್ಕದ ಗೋಡೆಯಲ್ಲಿ ಹಿತ್ತಾಳೆ ದೀಪಕ್ಕೆ ವಾಡೆಯಲ್ಲಿದ್ದಂಥದೇ ಗೂಡು ಬಿಡಬೇಕು. ನಾನು ಚೌಕಟ್ಟನ್ನು ಗಿಡ್ಡಾಗಿಯೇ ಉಳಿಸಿ, ಗೋಡೆಯನ್ನು ಬೋಳಾಗಿ ಬಿಟ್ಟು ನಕ್ಷೆ ಕೊಟ್ಟೆ. ಬಂದವರ ತಲೆ ಕಾಯಲು ಬಾಗಿಲಲ್ಲಿ ಒಬ್ಬರು ನಿಲ್ಲಲಿ, ನಿಮ್ಮ ಮನೆಯ ಸ್ವಾಗತ ಅಂದರೆ ಅದೇ ಎಂದೆ. ಗೂಡು ಯಾಕಿಲ್ಲ ಎಂದು ಕೇಳಿದರು. ಕೆಲಸ ಹೋದರೆ ಹೋಗಲಿ ಎಂದುಕೊಂಡು ಕಪ್ಪಿನ ಸಂಗತಿಯನ್ನೂ ಹೇಳಿಬಿಟ್ಟೆ. ಅವರು ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆ ಕಪ್ ದಿನಾ ನೋಡತಿದ್ವಿರಿ. ಯಾರದು ಅಂತ ಎಂದೂ ಕೇಳಲಿಲ್ಲ." ಆಮೇಲೆ ಮೆಲ್ಲಗೆ, "ಗೂಡ ಬ್ಯಾಡ ಬಿಡ್ರಿ," ಎಂದರು.

ಚೌಕಟ್ಟು ನಿಲ್ಲಿಸಿದ ದಿನ ಅವ್ವನನ್ನು ಕರೆದುಕೊಂಡು ಹೋದೆ. ಅಭ್ಯಾಸಬಲ, ಅಲ್ಲೂ ಹೊರಗಿನ ಕಟ್ಟೆಯ ಹತ್ತಿರವೇ ನಿಂತಳು. ನಾನು ಒಳಗೆ ಹೋಗಿ ಪಟ್ಟಿಯ ಕೆಳಗೆ ಅಂಗೈ ಒತ್ತಿ, ಬಾ ಬೇ ಎಂದೆ. ಅವ್ವ ಕುಳ್ಳಿ, ಬಾಗುವ ಅಗತ್ಯವೇ ಇರಲಿಲ್ಲ. ನೆಟ್ಟಗೆ ನಡೆದು ಒಳಗೆ ಬಂದಳು. ಬಂದವಳು ಮೊದಲು ಪಕ್ಕದ ಗೋಡೆ ನೋಡಿದಳು. ನನ್ನ ಬಾಯಲ್ಲಷ್ಟೇ ಕೇಳಿದ್ದ ಆ ಗೂಡಿರಬೇಕಾದ ಜಾಗದ ಮೇಲೆ ಒಮ್ಮೆ ಕೈಯಾಡಿಸಿದಳು.

"ಆಯಿ ಇರಬೇಕಾಗಿತ್ತ," ಎಂದಳು.

ನನ್ನ ಕೈ ಇನ್ನೂ ಪಟ್ಟಿಯ ಕೆಳಗೇ ಇತ್ತು.