ಗಾಜಿನ ಬೀರುವಿನೊಳಗೆ ಒಂದು ಕಿವಿ

ಕಳೆದ ವಾರ ಶಿರಾದ ಕಡಲೆಕಾಯಿ ಮಂಡಿಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ನನ್ನನ್ನು ಪರೀಕ್ಷೆ ಮಾಡಿದಳು. ನಾನು ಫೇಲಾದೆ.

ಮಧುಗಿರಿಯಿಂದ ಅಲ್ಲಿಗೆ ನೆಂಟರ ಗೃಹಪ್ರವೇಶಕ್ಕೆ ಹೋದವನು, ವಾಪಸು ಬರುವಾಗ ಎರಡು ಕೆಜಿ ಕಾಯಿ ತರೋಣ ಅಂತ ಮಂಡಿಗೆ ನುಗ್ಗಿದ್ದೆ. ಮೂಟೆಗಳ ಮಧ್ಯೆ ನಸ್ರೀನ್ ನಿಂತಿದ್ದಳು. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷಗಳ ಹಿಂದೆ ಸಂಶೋಧನೆ ಮಾಡಿದವಳು. (ನಾನೇ ಅವಳ ಗೈಡ್. ಈ ಪದ ನೆನಪಿಟ್ಟುಕೊಳ್ಳಿ.)

ಅವಳು ಎರಡು ಮೂಟೆಗಳಿಂದ ಒಂದೊಂದು ಹಿಡಿ ತೆಗೆದು ನನ್ನ ಕಿವಿಯ ಬಳಿ ಅಲ್ಲಾಡಿಸಿದಳು. "ಯಾವುದು ಜೊಳ್ಳು, ಹೇಳಿ ಸರ್?" ನಾನು ಎಡಗೈ ತೋರಿಸಿದೆ. ಬಲಗೈ ಆಗಿತ್ತು. "ಬೇಜಾರಾಗ್ಬೇಡಿ ಸರ್, ನನಗೂ ಅರ್ಧ ಸಲ ತಪ್ಪುತ್ತೆ" ಅಂತ ನಕ್ಕಳು.

ನಮ್ಮ ಕಡೆ ಕಡಲೆಕಾಯಿಯನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಕೊಳ್ಳುತ್ತಾರೆ. ಅಲ್ಲಾಡಿಸಿದಾಗ ಗಲಗಲ ಅಂದರೆ ಒಣಗಿದೆ, ಸದ್ದಿಲ್ಲ ಅಂದರೆ ಹಸಿ. ಇಷ್ಟು ಯಾರಿಗಾದರೂ ಗೊತ್ತು. ಆದರೆ ನಸ್ರೀನ್‌ಳ ಅಪ್ಪ ಖಾದರ್ ಸಾಬರಿಗೆ ಬೀಜ ಗಟ್ಟಿಯೋ ಜೊಳ್ಳೋ, ಕಾಯಿ ಈ ವರ್ಷದ್ದೋ ಹೋದ ವರ್ಷದ್ದೋ, ಎಲ್ಲ ಒಂದೇ ಹಿಡಿಯಲ್ಲಿ ತಿಳಿಯುತ್ತಿತ್ತು. ಅವರು ಹೇಳಿದ ಮೇಲೆ ತಾವರೆಕೆರೆಯ ರೈತರೂ ಎದುರಾಡುತ್ತಿರಲಿಲ್ಲ, ಕೊಳ್ಳುವ ಸಾಹುಕಾರರೂ ಎದುರಾಡುತ್ತಿರಲಿಲ್ಲ. ಇಡೀ ಮಂಡಿಗೆ ಅದೊಂದು ಕಿವಿ.

ಆ ಕಿವಿ ಮಂದವಾಗತೊಡಗಿತ್ತು. ಇನ್ನೂ ಮಂದವಾಗುತ್ತದೆ, ತಡೆಯೋಕೆ ಆಗಲ್ಲ ಅಂದಿದ್ದರು ಡಾಕ್ಟರು.

ಅದಕ್ಕೇ ಮಗಳು ಒಂದು ಯಂತ್ರ ಕಟ್ಟಿದಳು. ಟಿಫನ್ ಕ್ಯಾರಿಯರ್‌ನಷ್ಟು ಗಾತ್ರ. ಒಂದು ಹಿಡಿ ಕಾಯಿ ಹಾಕಿದರೆ ತಾನೇ ಅಲ್ಲಾಡಿಸಿ, ಸದ್ದು ಕೇಳಿ, ಹಸಿಯೋ ಒಣಗಿದೆಯೋ ಹೇಳುತ್ತಿತ್ತು. ಉಳಿದದ್ದೆಲ್ಲ? "ಒಂದು ಸುಗ್ಗಿ ಇದನ್ನ ಅಬ್ಬಾ ಪಕ್ಕ ಇಡ್ಬೇಕು ಸರ್. ಒಂದೊಂದು ಹಿಡಿಗೂ ಅವರು ಏನಂತಾರೋ ಅದನ್ನ ಇದಕ್ಕೆ ಕಲಿಸ್ತೀನಿ. ಆಮೇಲೆ ಕಂಪನಿ ಶುರು ಮಾಡೋದು. ಪಾವಗಡ, ಕೊರಟಗೆರೆ, ಎಲ್ಲ ಕಡೆಗೂ ಒಂದೊಂದು!" ಕಂಪನಿಗೆ ಹೆಸರು ಕೂಡ ಇಟ್ಟಿದ್ದಳು, 'ಗಲಗಲ' ಅಂತ.

ಗೈಡ್ ಆದ ನಾನೇನು ಮಾಡಿದೆ? ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಯಾಕೆಂದರೆ ಸಮಿತಿ ಬರುವುದಿತ್ತು. ವಿಶ್ವವಿದ್ಯಾಲಯಕ್ಕೆ ತಪಾಸಣೆ ಸಮಿತಿ ಬರುತ್ತದೆ ಅಂದರೆ ಏನಾಗುತ್ತದೆ ಗೊತ್ತಲ್ಲ? ಗೋಡೆಗೆ ಸುಣ್ಣ, ಹೂಕುಂಡಕ್ಕೆ ಕೆಮ್ಮಣ್ಣು, ಖಾಲಿ ಕೋಣೆಗೆ 'ಸ್ಟಾರ್ಟ್‌ಅಪ್ ಸೆಂಟರ್' ಅಂತ ಬೋರ್ಡು. ಬೋರ್ಡು ಹಾಕಿದ ಮೇಲೆ ಒಳಗೆ ಏನಾದರೂ ಇರಬೇಕಲ್ಲ! ನಮ್ಮಲ್ಲಿದ್ದದ್ದು ಅದೊಂದೇ. ಗಾಜಿನ ಬೀರುವಿನಲ್ಲಿ, ಕೆಳಗೆ ಕೆಂಪು ಮಖಮಲ್ ಹಾಸಿ ಇಟ್ಟೆವು. "ಹದಿನೈದು ದಿನ ಕಣಮ್ಮ, ಸಮಿತಿಯವರು ನೋಡ್ಕೊಂಡು ಹೋಗ್ಲಿ" ಅಂದೆ.

ಸಮಿತಿ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಶಿರಾಕ್ಕೆ ಹೊಸ ಕಾಯಿ ಬರತೊಡಗಿತ್ತು. (ಇನ್ನೊಂದು ಕಟ್ಟಬಹುದಿತ್ತಲ್ಲ ಅಂತೀರಾ? ಅದರ ಬಿಡಿಭಾಗ ತರಿಸುವ ಅರ್ಜಿಗೆ ಸಹಿ ಹಾಕಬೇಕಾದವನೂ ನಾನೇ. ಸಮಿತಿ ಮುಗಿಯಲಿ ಅಂದಿದ್ದೆ.) ನಸ್ರೀನ್ ವಾರಕ್ಕೊಮ್ಮೆ ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಕೊನೆಗೆ ನಮ್ಮ ಅಟೆಂಡರ್ ರಂಗಪ್ಪನಿಗೇ ತಡೆಯಲಾಗಲಿಲ್ಲ. "ಕೊಟ್ಬುಡಿ ಸಾ. ಸಮಿತಿಯೋರು ಯಾವಾಗ್ ಬಂದ್ರೂ ಬತ್ತಾರೆ, ಕಾಯಿ ಮುಗುದ್ರೆ ಮುಗೀತು. ಬೇಕಾರೆ ಅಲ್ಲಿಗೆ ಒಂದ್ ಖಾಲಿ ಡಬ್ಬ ಇಡ್ತೀನಿ, ಯಾರ್ ಮುಚ್ಳ ತಗ್ದು ನೋಡ್ತಾರೆ?"

"ಶಿಸ್ತು ಅಂತ ಒಂದು ಇರುತ್ತೆ ರಂಗಪ್ಪ" ಅಂದೆ. ಶಿಸ್ತು! ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಸುಗ್ಗಿ ಮುಗಿದ ಮೇಲೆ ಸಮಿತಿ ಬಂತು. ಬೀರುವಿನ ಮುಂದೆ ಅರ್ಧ ನಿಮಿಷ ನಿಂತಿತು. ಒಬ್ಬರು "ವರ್ಕಿಂಗಾ?" ಅಂದರು. ನಾನು "ಯೆಸ್ ಸರ್" ಅಂದೆ. ಇನ್ನೊಬ್ಬರು ಊಟ ಎಲ್ಲಿ ಅಂತ ಕೇಳಿದರು. ಬೀಗ ತೆಗೆಸಲೂ ಇಲ್ಲ. ರಂಗಪ್ಪ ನನ್ನ ಮುಖ ನೋಡಿದ.

ಮುಂದಿನ ಸುಗ್ಗಿಗೆ ನಾನೇ ಕರೆದು ಯಂತ್ರ ಕೊಟ್ಟೆ. ದೊಡ್ಡ ಉಪಕಾರ ಮಾಡಿದವನಂತೆ ಕೊಟ್ಟೆ. ಹತ್ತೇ ದಿನಕ್ಕೆ ವಾಪಸು ತಂದಳು. "ಅಬ್ಬಾಗೆ ಈಗ ಸರಿಯಾಗಿ ಕೇಳ್ಸಲ್ಲ ಸರ್. ಬೆಳಿಗ್ಗೆ ಜೊಳ್ಳು ಅಂದಿದ್ದನ್ನೇ ಸಾಯಂಕಾಲ ಗಟ್ಟಿ ಅಂತಾರೆ. ಯಾವುದು ಅಂತ ಕಲಿಸ್ಲಿ?"

ಯಂತ್ರವನ್ನು ಮತ್ತೆ ಅದೇ ಬೀರುವಿನಲ್ಲಿಟ್ಟೆ; ಅಂದಿನಿಂದ ಯಾರೂ ಅದನ್ನು ಚಾಲೂ ಮಾಡಿಲ್ಲ. ಅವಳಿಗೆ ಪಿಎಚ್‌ಡಿ ಬಂತು. ಕಂಪನಿ ಬರಲಿಲ್ಲ.

ವಾರ ವಾರ ಈ ಅಂಕಣದಲ್ಲಿ ಕೂತು ಸರ್ಕಾರಕ್ಕೆ, ಮುನಿಸಿಪಾಲಿಟಿಗೆ ಬೈಯುತ್ತೇನಲ್ಲ, ಈ ವಾರದ ಬೈಗುಳ ನನಗೆ. ಸ್ಟಾರ್ಟ್‌ಅಪ್ ಬಗ್ಗೆ ನಾನು ಎಷ್ಟು ಭಾಷಣ ಮಾಡಿಲ್ಲ! ಯುವಕರಿಗೆ ಧೈರ್ಯವಿಲ್ಲ, ಬಂಡವಾಳ ಹಾಕುವವರಿಲ್ಲ, ನಮ್ಮ ಕಡೆಯವರಿಗೆ ಐಡಿಯಾಗಳೇ ಬರುವುದಿಲ್ಲ ಅಂತೆಲ್ಲ. ಐಡಿಯಾ ಬಂದಿತ್ತು. ಧೈರ್ಯವೂ ಇತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಈಗ ಅಪ್ಪನ ಜಾಗದಲ್ಲಿ ನಸ್ರೀನ್ ಕಾಯಿ ಅಲ್ಲಾಡಿಸುತ್ತಾಳೆ. ನಾನು ನೋಡುತ್ತಿದ್ದಂತೆಯೇ ಒಬ್ಬ ರೈತ, "ಇದ್ಯಾಕವ್ವ ಜೊಳ್ಳು ಅಂತೀಯ? ನಿಮ್ಮಪ್ಪಾರು ಆಗಿದ್ರೆ ಇಂಗ್ ಅಂತಿರ್ನಿಲ್ಲ" ಅಂತ ಜಗಳಕ್ಕೆ ನಿಂತ. ಅವಳು ಇನ್ನೊಂದು ಹಿಡಿ ತೆಗೆದು ಕಿವಿಗಿಟ್ಟುಕೊಂಡಳು. ಮುಖದಲ್ಲಿ ಅನುಮಾನ ಕಾಣುತ್ತಿತ್ತು.

ಖಾದರ್ ಸಾಬರು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದೇಬಿಟ್ಟರು. "ಆವೋ ಸರ್, ಆವೋ!" ಅಂತ ಕೈ ಹಿಡಿದು ಕೂರಿಸಿದರು, ಚಾ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ನಮ್ ಬೇಟಿ ಮಾಡಿದ್ ಮೆಷಿನ್ನು ಯೂನಿವರ್ಸಿಟೀಲಿ ಗಾಜಿನ ಬೀರುವಲ್ಲಿ ಇಟ್ಟವ್ರೆ ಅಂತ ಎಲ್ರಿಗೂ ಹೇಳ್ತೀನಿ ಸರ್" ಅಂದರು, ಕೇಳಿಸದವರ ಆ ದೊಡ್ಡ ದನಿಯಲ್ಲಿ. "ಚೆನ್ನಾಗೈತಾ ಸರ್ ಅದು? ಕೆಲ್ಸ ಮಾಡ್ತೈತಾ?"

"ಮಾಡ್ತಿದೆ ಸಾಬ್ರೇ" ಅಂದೆ. ಅವರು ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದರು.

ಅದೇ ಸುಳ್ಳನ್ನು, ಇಡೀ ಮಂಡಿಗೆ ಕೇಳಿಸುವ ಹಾಗೆ, ಇನ್ನೊಮ್ಮೆ ಕೂಗಿ ಹೇಳಬೇಕಾಯಿತು.