ಮಗ್ಗಕ್ಕ ಸೂಟಿ

ಗೆಳೆಯರೇ, ಇಂದು ಇಳಕಲ್ಲಿನ ಮಗ್ಗಗಳು ಮತ್ತೆ ಬಡಿಯತೊಡಗಿದ್ದವು. ಆ ಸದ್ದಿಗೆ ನನ್ನ ಔಷಧಿ ಅಂಗಡಿಯ ಸೀಸೆಗಳು ನಿದ್ದೆಗಣ್ಣಿನಲ್ಲಿದ್ದಂತೆ ಸಣ್ಣಗೆ ನಡುಗುತ್ತಿದ್ದವು. ನೇಕಾರ ಸಂಗಪ್ಪಜ್ಜ ಎದೆ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತರು.

“ನಿನ್ನಿ ಎದಿ ಔಷಧ ಕುಡಿಲಿಲ್ಲೇನ್ರಿ, ಅಜ್ಜಾರ?”

“ಮಗ್ಗಕ್ಕ ಕೂಡೂ ಮುಂದ ಕುಡೀರಿ ಅಂದವ್ರು ನೀವ ಅಲ್ಲೇನ್ರಿ? ನಿನ್ನಿ ಅಮಾಸಿ, ಮಗ್ಗಕ್ಕ ಸೂಟಿ.”

ದಿನಾ ಮರೆಯದಿರಲೆಂದು ನಾನೇ ಹಾಗೆ ಹೇಳಿದ್ದೆ.

“ಎದಿಗೂ ಅಮಾಸಿ ಇರತೈತೇನ್ರಿ? ಇನ್ನ ಮ್ಯಾಲೆ ಒಲಿ ಹಚ್ಚೂ ಮುಂದ ಕುಡೀರಿ!”

ಅಜ್ಜ ನಾನು ಕೊಟ್ಟ ಕೆಂಪು ಔಷಧದ ಸೀಸೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಶಿವರಾತ್ರಿ ಉಪಾಸಕ್ಕ ನಮ್ಮನ್ಯಾಗ ಒಲಿ ಹಚ್ಚೂದಿಲ್ರಿ.”

ಸೂಟಿಯೇ ಇಲ್ಲದ್ದು ಈ ಊರಿನಲ್ಲಿ ಏನಿದೆಯೆಂದು ಸಂಜೆಯಿಂದ ಯೋಚಿಸುತ್ತ ಕೂತಿದ್ದೇನೆ. ಅಜ್ಜನ ಎದೆಯೊಂದನ್ನು ಬಿಟ್ಟರೆ ಇನ್ನೂ ಏನೂ ಹೊಳೆದಿಲ್ಲ.