ವಗೈರೆ ಎಂಬ ಒಂದು ಮಾತು

ಲಾ ಓದಿದವನಿಗೆ ಮಾತಿನ ಮೇಲೆ ಹಿಡಿತ ಇರುತ್ತದೆ ಎಂದು ಜನ ನಂಬುತ್ತಾರೆ. ಒಂದು ಕಾಲಕ್ಕೆ ನಾನೂ ನಂಬಿದ್ದೆ. ಆ ನಂಬಿಕೆಯಿಂದಲೇ ನನ್ನ ಅಕ್ಕನ ಗಂಡನನ್ನು ಜೈಲಿಗೆ ಕಳಿಸಿದೆ.

ಯುದ್ಧದ ಕಾಲ. ನಾನು ಪುಣೆಯಲ್ಲಿ ಕಾನೂನಿನ ಎರಡನೇ ವರ್ಷದಲ್ಲಿದ್ದೆ. ಚಳವಳಿಯ ಗಲಾಟೆಗೆ ಕಾಲೇಜು ಮುಚ್ಚಿತು. ಟ್ರಂಕು, ಹಾಸಿಗೆ ಸುತ್ತಿಕೊಂಡು ಶಿವಮೊಗ್ಗೆಗೆ, ದುರ್ಗಿಗುಡಿಯ ನಮ್ಮ ಮನೆಗೆ ಬಂದೆ. ಹಾಸ್ಟೆಲಿನಲ್ಲಿ ನಾವು ದಿನಾ ಸಂಜೆ ಜರ್ಮನಿಯ ಸರ್ವಾಧಿಕಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ನಡೆಸುತ್ತಿದ್ದೆವು. ಅವನು ದೂರದಲ್ಲಿದ್ದ, ಶಿಕ್ಷೆ ಕೊಡುವುದು ಸುಲಭವಾಗಿತ್ತು. ಊರಿಗೆ ಬಂದು ನೋಡಿದರೆ, ನಾನು ಯಾವಾಗಲೂ ಹೋಗುವ ಕಾಫಿ ಹೋಟೆಲಿನಲ್ಲಿ ಹೊಸ ಬೋರ್ಡು: 'ಇಲ್ಲಿ ರಾಜಕೀಯ ಮಾತನಾಡಕೂಡದು.' ಯಾರ ಅಪ್ಪಣೆ ಎಂದು ಕೇಳಿದೆ. ಯಾರ ಅಪ್ಪಣೆಯೂ ಇರಲಿಲ್ಲ. ಪೊಲೀಸಿನವನೊಬ್ಬ ಎರಡು ದಿನ ಬಂದು, ಮೂಲೆಯಲ್ಲಿ ಕೂತು, ಕಾಫಿ ಕುಡಿದು ಹೋಗಿದ್ದನಂತೆ. ಮೂರನೇ ದಿನ ಹೋಟೆಲಿನವರೇ ಬೋರ್ಡು ಬರೆಸಿದ್ದರು. ದಬ್ಬಾಳಿಕೆ ನಮ್ಮೂರಿಗೆ ಕಾಫಿ ಕುಡಿಯುವುದಕ್ಕೆ ಬಂತು, ಮಿಕ್ಕ ಕೆಲಸವನ್ನೆಲ್ಲ ನಾವೇ ಮಾಡಿಕೊಟ್ಟೆವು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಭಾವ ಭದ್ರಾವತಿಯ ಒಂದು ಮರದ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಆ ಮಿಲ್ಲು ಈಗಿಲ್ಲ. ಮೆತ್ತಗಿನ ಮನುಷ್ಯ, ಜಗಳವೆಂದರೆ ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದರು. ಅಂಥವರು ಒಂದು ಮಧ್ಯಾಹ್ನ ಮಿಲ್ಲಿನ ಅಂಗಳದಲ್ಲಿ ದಿಮ್ಮಿಯ ಮೇಲೆ ನಿಂತು, ಹಿಂದಿನ ವಾರ ಹಿಡಿದುಕೊಂಡು ಹೋದ ಇಬ್ಬರು ಕೆಲಸಗಾರರನ್ನು ಬಿಡಬೇಕು ಎಂದು ನಾಲ್ಕು ಮಾತು ಆಡಿಬಿಟ್ಟರು.

ಮೂರನೇ ದಿನ ಬೆಳಗಿನ ರೈಲಿಗೆ ಅಕ್ಕ ಬಂದಳು. ಆರು ತಿಂಗಳ ಬಸುರಿ. ಕೂರುವುದಕ್ಕೂ ಮುಂಚೆ ಹೇಳಿದಳು, "ಮುಚ್ಚಳಿಕೆ ಬರ್ಕೊಡು ಅಂತಿದಾರೆ ಕಣೋ ನಿಮ್ಮ ಭಾವನ್ನ. ಬರ್ಕೊಡ್ಲಿಲ್ಲ ಅಂದ್ರೆ ಒಳಗೆ ಹಾಕ್ತಾರಂತೆ."

ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಸರ್ಕಾರಕ್ಕೆ ಬರೆದುಕೊಡುವ ಕಾಗದ ಅದು ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ, "ಬಾಯಿಗೆ ಮುಚ್ಚಳ ಹಾಕ್ಕೊಳ್ಳೋಕೂ ಕಾಗದ ಬೇಕೇನೋ," ಅಂದರು.

"ನೀನು ಲಾ ಓದೋನು. ನೀನೇ ಬರ್ಕೊಡು," ಎಂದಳು ಅಕ್ಕ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಆ ಗಳಿಗೆ ನನಗೆ ಸಂತೋಷವಾಯಿತು. ಓದಿದ್ದು ಮೊದಲ ಸಲ ಯಾರಿಗೋ ಬೇಕಾಗಿತ್ತು.

ಅವತ್ತೇ ಅಕ್ಕನ ಜೊತೆ ಭದ್ರಾವತಿಗೆ ಹೋದೆ. ಬಂದೋಬಸ್ತಿಗೆಂದು ಬಂದಿದ್ದ ಸಾಹೇಬರೊಬ್ಬರ ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆಯುವ ಮುದುಕರೊಬ್ಬರು ಕೂರುತ್ತಿದ್ದರು. ಮೊಣಕಾಲ ಮೇಲೆ ಹಲಗೆ, ಕಿವಿಯ ಸಂದಿಯಲ್ಲಿ ಲೇಖನಿ. ಭಾವ ಅವರ ಪಕ್ಕದಲ್ಲೇ ಕಾದಿದ್ದರು. ಸಾಹೇಬರು ಕೇಳಿದ್ದು, 'ಸರ್ಕಾರಕ್ಕೆ ವಿರೋಧವಾದ ಯಾವ ಕೆಲಸವನ್ನೂ ಮಾಡುವುದಿಲ್ಲ' ಎಂಬ ಒಕ್ಕಣೆ. ಇದು ತೀರ ಅಗಲವಾಯಿತು, ಇದರಲ್ಲಿ ಕೆಮ್ಮಿದರೂ ಅಪರಾಧವೇ ಎಂದು ನಾನು ಅಲ್ಲೇ ಕೂತು ಬೇರೆ ಬರೆದೆ: 'ಸಭೆ, ಮೆರವಣಿಗೆ, ಹರತಾಳ ವಗೈರೆಗಳಲ್ಲಿ ಭಾಗವಹಿಸುವುದಿಲ್ಲ.'

ಮುದುಕರು ಬಗ್ಗಿ ಓದಿದರು. "ಆ ವಗೈರೆ ತೆಗೀರಿ ಸ್ವಾಮಿ. ಅದು ಗೋಣಿಚೀಲ. ಯಾರು ಏನು ಬೇಕಾದ್ರೂ ತುಂಬ್ತಾರೆ. ಸಭೆ ಅಂತ ಒಂದೇ ಬರೀರಿ, ಸಾಕು."

ನಾನು ನಕ್ಕೆ. ಅವರಿಗೆ ಪಾಠ ಹೇಳಿದೆ. ನಾಲ್ಕು ವಸ್ತುಗಳನ್ನು ಹೆಸರಿಸಿ ಕೊನೆಗೆ ವಗೈರೆ ಎಂದರೆ, ಆ ವಗೈರೆ ಹಿಂದಿನವುಗಳ ಜಾತಿಗೇ ಸೇರಿರಬೇಕು ಎಂದು ಕಾನೂನಿನ ಸೂತ್ರವಿದೆ. ಅಕ್ಕಿ, ರಾಗಿ, ಜೋಳ ವಗೈರೆ ಎಂದರೆ ನವಣೆ ಬರಬಹುದು, ಎಮ್ಮೆ ಬರುವಂತಿಲ್ಲ. ವಗೈರೆ ಇಲ್ಲದಿದ್ದರೆ ಸಾಹೇಬರು ಒಪ್ಪುವುದಿಲ್ಲ, ಇದ್ದರೆ ಅದರಿಂದ ಅವರಿಗೆ ಏನೂ ಸಿಗುವುದಿಲ್ಲ. ಅದೇ ಇದರ ಮಜ ಎಂದೆ. ಮುದುಕರು, "ನೀವು ಓದಿದೋರು," ಎಂದರು. ಭಾವ ಸಹಿ ಹಾಕಿದರು.

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಬರೆದದ್ದು ಯಾರೆಂದು ಕೇಳಿ, ನನಗೆ ಕುರ್ಚಿ ಕೊಟ್ಟು, "ಒಳ್ಳೇ ಕೈ ನಿಮ್ದು. ಹೀಗೆ ಚುಟುಕಾಗಿ ಬರೆಯೋರು ನಮ್ಮಲ್ಲಿ ಒಬ್ರೂ ಇಲ್ಲ," ಎಂದರು. ನಾನು ಉಬ್ಬಿಹೋದೆ. ಆ ವಾರದೊಳಗೆ ಅವರು ನನ್ನ ಒಕ್ಕಣೆಯನ್ನು ನಕಲು ಮಾಡಿಸಿ, ಹೆಸರಿನ ಜಾಗ ಖಾಲಿ ಬಿಡಿಸಿ, ಮಿಲ್ಲಿನ ಕೆಲಸಗಾರರೆಲ್ಲರ ಸಹಿಯನ್ನೂ ಹೆಬ್ಬೆಟ್ಟನ್ನೂ ಹಾಕಿಸಿಕೊಂಡರು.

ಇದಾಗಿ ಒಂದು ತಿಂಗಳಿಗೆ, ಮಿಲ್ಲಿನಲ್ಲಿ ಗರಗಸ ನೋಡಿಕೊಳ್ಳುತ್ತಿದ್ದ ತಮಿಳಿನ ಮೇಸ್ತ್ರಿ ವಿಷಮಜ್ವರದಲ್ಲಿ ತೀರಿಕೊಂಡ. ಊರಿನಲ್ಲಿ ಅವನಿಗೆ ನೆಂಟರಿಷ್ಟರು ಇರಲಿಲ್ಲ. ಮಿಲ್ಲಿನವರೇ ತಮಟೆಯವರನ್ನು ಕರೆಸಿ, ನ್ಯೂ ಟೌನಿನ ಪಕ್ಕದ ರಸ್ತೆಯಲ್ಲಿ ಹೆಣ ಹೊತ್ತುಕೊಂಡು ಹೊಳೆಯ ದಡಕ್ಕೆ ನಡೆದರು. ಚಟ್ಟದ ಮುಂದಿನ ಗಳಕ್ಕೆ ಭಾವ ಹೆಗಲು ಕೊಟ್ಟಿದ್ದರು. ಅಳುವವರನ್ನು ಬಿಟ್ಟರೆ ಯಾರೂ ಬಾಯಿ ಬಿಟ್ಟಿರಲಿಲ್ಲ. ದಹನ ಮುಗಿಸಿ, ಹೊಳೆಯಲ್ಲಿ ಮುಳುಗಿ ಮೇಲೆ ಬರುವಾಗ ದಡದಲ್ಲಿ ಪೊಲೀಸಿನವರು ನಿಂತಿದ್ದರು. ಒದ್ದೆ ಬಟ್ಟೆಯಲ್ಲೇ ಭಾವನನ್ನೂ ಚಟ್ಟ ಹೊತ್ತಿದ್ದ ಇನ್ನು ಮೂವರನ್ನೂ ಮುಚ್ಚಳಿಕೆ ಮುರಿದರೆಂದು ಹಿಡಿದುಕೊಂಡು ಹೋದರು.

ನಾನು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಸಾಹೇಬರ ಹತ್ತಿರ ಓಡಿದೆ. ಕುರ್ಚಿ ಈ ಸಲವೂ ಕೊಟ್ಟರು. ಹೆಣ ಹೊರುವುದು ಧರ್ಮ, ಅದಕ್ಕೂ ಮೆರವಣಿಗೆ, ಹರತಾಳಗಳಿಗೂ ಏನು ಸಂಬಂಧ ಎಂದು ವಾದಿಸಿದೆ, ಸೂತ್ರ ಹೇಳಿದೆ, ಪುಟ ತೆರೆದು ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಕಾಗದ ನನ್ನ ಕಡೆ ತಿರುಗಿಸಿ ಬೆರಳಿಟ್ಟು, "ಈ ವಗೈರೆ ನಾನು ಬರೆಸಿದ್ದಲ್ಲವಲ್ಲ. ನೀವೇ ಬರ್ದಿದ್ದು," ಎಂದರು.

ಭಾವನಿಗೂ ಆ ಮೂವರಿಗೂ ಆರು ತಿಂಗಳ ಸಜೆಯಾಯಿತು. ಭಾವನ ಕೆಲಸ ಹೋಯಿತು. ಅಕ್ಕನ ಹೆರಿಗೆ ನಮ್ಮ ಮನೆಯಲ್ಲಾಯಿತು, ಮಗಳ ನಾಮಕರಣಕ್ಕೆ ಅಪ್ಪ ಇರಲಿಲ್ಲ.

ಕಾಲೇಜು ತೆರೆದಿದೆ ಎಂದು ಕಾಗದ ಬಂದಾಗ ನಾನು ಹೋಗುವುದಿಲ್ಲ ಎಂದೆ. ಸೂತ್ರವೆಲ್ಲ ಕುರ್ಚಿಯ ಮೇಲೆ ಕೂತವನ ಮರ್ಜಿಯಾದರೆ ಓದಿ ಏನು ಮಾಡಲಿ? ಅಕ್ಕ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. "ನೀನು ಓದು ಬಿಟ್ರೆ ಅವರು ಜೈಲಿಗೆ ಹೋಗಿದ್ದೂ ದಂಡ ಆಗುತ್ತೆ. ಹೋಗು," ಎಂದಳು. ನನ್ನೊಳಗೆ ಆಗ ಭರವಸೆ ಎಂಬುದು ಕಾಳಿನಷ್ಟೂ ಇರಲಿಲ್ಲ. ಅವಳಿಗೆ ಇತ್ತು, ಅದಕ್ಕೆ ಹೋದೆ. ಇವತ್ತಿಗೂ ನನ್ನ ಭರವಸೆ ಅಂಥ ಕಡ ತಂದದ್ದೇ.

ಭಾವ ಬಿಡುಗಡೆಯಾಗಿ ಬಂದ ಮೇಲೆ ರಜೆಯಲ್ಲಿ ಭದ್ರಾವತಿಗೆ ನೋಡಲು ಹೋದೆ. ಸೊರಗಿದ್ದರು. ಕ್ಷಮೆ ಕೇಳಬೇಕೆಂದು ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ತಗ್ಗಿದ ದನಿಯಲ್ಲಿ ಹೇಳಿದರು, "ಒಳಗೆ ಅವರು ಮೂರೂ ಜನ ಕೇಳಿದ್ರು, ಆ ಕಾಗದ ಯಾರು ಬರ್ದಿದ್ದು ಅಂತ. ಜಗಲಿ ಮೇಲಿನ ಮುದುಕ ಅಂದೆ. ನಿನ್ನ ಹೆಸರು ಹೇಳ್ಲಿಲ್ಲ ಮಾರಾಯ. ನೀನು ಮುಂದೆ ಇದೇ ಊರಲ್ಲಿ ವಕೀಲಿ ಮಾಡ್ಬೇಕಲ್ಲ."

"ಯಾಕೆ ಭಾವ ಹಾಗೆ ಹೇಳಿದ್ರಿ?"

"ಅವನಿಗೆ ವಯಸ್ಸಾಗಿದೆ. ನೀನು ಚಿಕ್ಕೋನು," ಎಂದರು.

ನಿಜ ಹೇಳಿಬಿಡಬಹುದಾಗಿತ್ತು. ಮುದುಕರ ಹತ್ತಿರ ಮಿಲ್ಲಿನವರು ಯಾರೂ ಬರೆಸಲು ಹೋಗುತ್ತಿಲ್ಲವೆಂದೂ, ಅವರು ಆ ಜಗಲಿ ಬಿಟ್ಟು ಆಯನೂರಿನ ಮಗಳ ಮನೆ ಸೇರಿದರೆಂದೂ ಆಮೇಲೆ ಕೇಳಿದೆ. ಆಗಲೂ ಹೇಳಲಿಲ್ಲ. ವಕೀಲಿಯ ಸನದು ಪಡೆದು ಬೋರ್ಡು ಹಾಕಿದ ವಾರದಲ್ಲಿ ನನ್ನನ್ನು ಹುಡುಕಿಕೊಂಡು ಬಂದ ಮೊದಲ ಕಕ್ಷಿಗಾರರು ಆ ಮೂವರೇ. ಮಿಲ್ಲಿನಿಂದ ತೆಗೆದುಹಾಕಿದ್ದರ ಮೇಲೆ ದಾವೆ ಹೂಡಬೇಕಾಗಿತ್ತು. ಭಾವ ಕಳಿಸಿದ್ದರಂತೆ. "ಆವತ್ತು ನಿಮ್ಮಂಥೋರು ಬರ್ಕೊಟ್ಟಿದ್ರೆ ನಮಗೆ ಈ ಗತಿ ಬರ್ತಿರ್ಲಿಲ್ಲ ಸ್ವಾಮಿ," ಎಂದು ಅವರಲ್ಲೊಬ್ಬ ಜಗಲಿಯ ಮುದುಕರನ್ನು ಬೈಯತೊಡಗಿದ. ಅವನು ಬೈದು ಮುಗಿಸುವವರೆಗೆ ನಾನು ಕಾದೆ. ಆಮೇಲೆ ವಕಾಲತ್ತಿನ ಕಾಗದವನ್ನು ಅವನ ಮುಂದಿಟ್ಟು, ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ತೋರಿಸಿದೆ.